ಪಿಟ್ಸ್‌ಬರ್ಗಿನ ಟೆಲಿವಿಷನ್: ಕೊರತೆಯಿಂದ ಬೆಳೆದ ಒಂದು ಪರಂಪರೆ

ಅಲೆಗೆನಿ ಮತ್ತು ಮೊನೊಂಗಹೇಲಾ ನದಿಗಳು ಕೂಡಿ ಒಹಾಯೊ ನದಿಯಾಗಿ ಹರಿಯತೊಡಗುವ ಸಂಗಮದಲ್ಲಿ, ಕಡಿದಾದ ಗುಡ್ಡಗಳ ನಡುವೆ ಬೆಳೆದ ಪಿಟ್ಸ್‌ಬರ್ಗ್ ನಗರ ಉಕ್ಕಿನ ತಯಾರಿಕೆಯಿಂದ ಜಗತ್ತಿಗೆ ಪರಿಚಿತವಾದದ್ದು. ಆದರೆ ಅಮೆರಿಕದ ಟೆಲಿವಿಷನ್ ಇತಿಹಾಸದಲ್ಲಿಯೂ ಈ ನಗರಕ್ಕೆ ಅದರ ಗಾತ್ರವನ್ನು ಮೀರಿದ ಸ್ಥಾನವಿದೆ. ಆ ದೇಶದಲ್ಲಿ ಟೆಲಿವಿಷನ್ ಮೊದಲಿನಿಂದಲೂ ನಗರ ನಗರಕ್ಕೆ ಪ್ರತ್ಯೇಕವಾದ ಕೇಂದ್ರಗಳ ರೂಪದಲ್ಲಿ ಬೆಳೆಯಿತು. ಎನ್‌ಬಿಸಿ, ಸಿಬಿಎಸ್‌ನಂಥ ರಾಷ್ಟ್ರೀಯ ಜಾಲಗಳು ಕಾರ್ಯಕ್ರಮಗಳನ್ನು ಒದಗಿಸಿದರೂ ಅವುಗಳನ್ನು ಮನೆಗಳಿಗೆ ಮುಟ್ಟಿಸುವ ಪರವಾನಗಿ ಆಯಾ ಊರಿನ ಕೇಂದ್ರದ ಕೈಯಲ್ಲಿರುತ್ತಿತ್ತು. ಇಂಥ ಕೇಂದ್ರಗಳ ಆರಂಭದ ದಿನಗಳನ್ನು ಸ್ಥಳೀಯ ಪ್ರತಿಭೆ ಉಕ್ಕಿ ಹರಿದ ಸುವರ್ಣಯುಗವೆಂದು ವರ್ಣಿಸುವುದು ವಾಡಿಕೆ. ಪಿಟ್ಸ್‌ಬರ್ಗಿನ ಮಟ್ಟಿಗೆ ಈ ವರ್ಣನೆ ಪೂರ್ತಿ ಸುಳ್ಳಲ್ಲವಾದರೂ, ಅಲ್ಲಿನ ಟೆಲಿವಿಷನ್ನಿಗೆ ಅದರ ವಿಶಿಷ್ಟ ರೂಪ ಬಂದದ್ದು ಸಮೃದ್ಧಿಯಿಂದಲ್ಲ. ವಾಹಿನಿಗಳ ಅಭಾವ, ಹಣದ ಅಭಾವ ಮತ್ತು ಸರ್ಕಾರದ ಒಂದು ದೀರ್ಘ ವಿಳಂಬ, ಈ ಮೂರೂ ಕೂಡಿ ಅದನ್ನು ರೂಪಿಸಿದವು.

ಈ ನಗರಕ್ಕೆ ಪ್ರಸಾರದ ಹಿನ್ನೆಲೆ ಹೊಸದಾಗಿರಲಿಲ್ಲ. ವಿದ್ಯುತ್ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟಿಂಗ್‌ಹೌಸ್ ಕಂಪನಿಯ ಕೆಡಿಕೆಎ ಬಾನುಲಿ ನಿಲಯ 1920ರ ನವೆಂಬರ್ 2ರ ರಾತ್ರಿ ಹಾರ್ಡಿಂಗ್ ಮತ್ತು ಕಾಕ್ಸ್ ನಡುವಣ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಬಿತ್ತರಿಸಿ ವಾಣಿಜ್ಯ ಬಾನುಲಿಯ ಚರಿತ್ರೆಯಲ್ಲಿ ಹೆಸರಾಗಿತ್ತು. ರಷ್ಯಾದಿಂದ ವಲಸೆ ಬಂದ ಎಂಜಿನಿಯರ್ ವ್ಲಾದಿಮಿರ್ ಜ್ವೊರಿಕಿನ್ ಇದೇ ಕಂಪನಿಯ ಪಿಟ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದಾಗಲೇ, 1923ರಲ್ಲಿ, ವಿದ್ಯುನ್ಮಾನ ಟೆಲಿವಿಷನ್ ವ್ಯವಸ್ಥೆಯೊಂದರ ಹಕ್ಕುಸ್ವಾಮ್ಯಕ್ಕೆ ಅರ್ಜಿ ಹಾಕಿದರು. ಆದರೆ ಕಂಪನಿಯ ಮೇಲಧಿಕಾರಿಗಳಿಗೆ ಆ ಮಸುಕು ಚಿತ್ರಗಳಲ್ಲಿ ಭವಿಷ್ಯ ಕಾಣಲಿಲ್ಲ, ಜ್ವೊರಿಕಿನ್ ಮುಂದೆ ಆರ್‌ಸಿಎ ಕಂಪನಿಗೆ ಹೋದರು. ಬಾನುಲಿಯಲ್ಲಿ ಎಲ್ಲರಿಗಿಂತ ಮುಂದಿದ್ದ ವೆಸ್ಟಿಂಗ್‌ಹೌಸ್, ತನ್ನದೇ ಊರಿನಲ್ಲಿ ಟೆಲಿವಿಷನ್ ಕೇಂದ್ರ ಆರಂಭವಾದಾಗ ಹೊರಗೆ ನಿಂತು ನೋಡಬೇಕಾಯಿತು.

ಆ ಕೇಂದ್ರ ಡುಮಾಂಟ್ ಕಂಪನಿಯದು. ನ್ಯೂಜೆರ್ಸಿಯ ಅಲೆನ್ ಡುಮಾಂಟ್ ಕ್ಯಾಥೋಡ್ ಕಿರಣ ಕೊಳವೆಗಳನ್ನೂ, ಅಂದರೆ ಹಳೆಯ ಟಿ.ವಿ. ಪೆಟ್ಟಿಗೆಯಲ್ಲಿ ಚಿತ್ರ ಮೂಡಿಸುತ್ತಿದ್ದ ಗಾಜಿನ ಕೊಳವೆಗಳನ್ನೂ, ಗ್ರಾಹಕಗಳನ್ನೂ ತಯಾರಿಸುತ್ತಿದ್ದವರು. ಎನ್‌ಬಿಸಿ ಮತ್ತು ಸಿಬಿಎಸ್‌ಗಳಂತೆ ಬಾನುಲಿಯ ಲಾಭದ ಬೆಂಬಲವಿಲ್ಲದೆಯೇ ಅವರು ಒಂದು ಟೆಲಿವಿಷನ್ ಜಾಲವನ್ನು ಕಟ್ಟಲು ಹೊರಟಿದ್ದರು. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ನಿನ ನಂತರ ಅವರ ಮೂರನೆಯ ಸ್ವಂತ ಕೇಂದ್ರವಾದ ಡಬ್ಲ್ಯುಡಿಟಿವಿ 1949ರ ಜನವರಿ 11ರಂದು ಮೂರನೆಯ ವಾಹಿನಿಯಲ್ಲಿ ಪ್ರಸಾರ ಆರಂಭಿಸಿತು. ನಗರದ ಓಕ್ಲೆಂಡ್ ಭಾಗದ ಸಿರಿಯಾ ಮಾಸ್ಕ್ ಎಂಬ ಸಭಾಂಗಣದಲ್ಲಿ ನಡೆದ ಉದ್ಘಾಟನಾ ಸಮಾರಂಭಕ್ಕೆ ಇನ್ನೊಂದು ಮಹತ್ವವೂ ಇತ್ತು: ಒಂದೇ ತಂತಿಯಲ್ಲಿ ಅನೇಕ ಸಂಕೇತಗಳನ್ನು ಒಯ್ಯಬಲ್ಲ ಕೊಆಕ್ಸಿಯಲ್ ಕೇಬಲ್ ಅದೇ ದಿನ ಪೂರ್ವ ಕರಾವಳಿಯನ್ನೂ ಮಧ್ಯಪಶ್ಚಿಮವನ್ನೂ ಜೋಡಿಸಿ, ಬಾಸ್ಟನ್ನಿನಿಂದ ಸೇಂಟ್ ಲೂಯಿಯವರೆಗಿನ ಊರುಗಳು ಒಂದೇ ಕಾರ್ಯಕ್ರಮವನ್ನು ಏಕಕಾಲದಲ್ಲಿ ನೋಡುವುದನ್ನು ಸಾಧ್ಯಗೊಳಿಸಿತು. ಪಿಟ್ಸ್‌ಬರ್ಗಿನ ಜನ ತಮ್ಮೂರಿನ ಟೆಲಿವಿಷನ್ನನ್ನೂ ದೂರದ ನ್ಯೂಯಾರ್ಕಿನ ಟೆಲಿವಿಷನ್ನನ್ನೂ ಒಂದೇ ಸಂಜೆ ಮೊದಲಬಾರಿಗೆ ಕಂಡರು.

ಇಷ್ಟರಲ್ಲೇ ಸರ್ಕಾರ ಬಾಗಿಲು ಮುಚ್ಚಿಯಾಗಿತ್ತು. ಅಮೆರಿಕದಲ್ಲಿ ಪ್ರಸಾರ ಪರವಾನಗಿಗಳನ್ನು ಕೊಡುವ ಅಧಿಕಾರ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಸಂಕ್ಷೇಪವಾಗಿ ಎಫ್‌ಸಿಸಿ, ಎಂಬ ಸಂಸ್ಥೆಯದು. ಒಂದೇ ವಾಹಿನಿ ಸಂಖ್ಯೆಯನ್ನು ಬಳಸುವ ಎರಡು ಕೇಂದ್ರಗಳು ಹತ್ತಿರವಿದ್ದರೆ ಒಂದರ ಚಿತ್ರ ಇನ್ನೊಂದರದ್ದನ್ನು ಕೆಡಿಸುತ್ತದೆಂಬುದು ಅನುಭವಕ್ಕೆ ಬಂದ ಮೇಲೆ, ದೇಶದ ವಾಹಿನಿಗಳ ಹಂಚಿಕೆಯನ್ನು ಮತ್ತೆ ಮೊದಲಿನಿಂದ ಯೋಜಿಸುವವರೆಗೆ ಹೊಸ ಪರವಾನಗಿ ಕೊಡುವುದಿಲ್ಲವೆಂದು ಆಯೋಗ 1948ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಕೆಲವು ತಿಂಗಳ ಮಾತೆಂದು ಭಾವಿಸಿದ್ದ ಈ ತಡೆ 1952ರ ಏಪ್ರಿಲ್‌ವರೆಗೆ ಎಳೆಯಿತು. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ನಗರಗಳಲ್ಲಿ ತಡೆಗೆ ಮುಂಚೆಯೇ ಹಲವು ಕೇಂದ್ರಗಳು ಹುಟ್ಟಿದ್ದವು. ಪಿಟ್ಸ್‌ಬರ್ಗಿನಲ್ಲಿ ಪರವಾನಗಿ ಸಿಕ್ಕಿದ್ದು ಡುಮಾಂಟ್ ಒಬ್ಬರಿಗೇ. ಹೀಗೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು ಒಂದೇ ಕೇಂದ್ರದ ಸ್ವತ್ತಾಯಿತು. ತಡೆ ತೆರವಾದ ಮೇಲೂ ಹೊಸ ವಾಹಿನಿಗಳಿಗಾಗಿ ಪೈಪೋಟಿಗಿಳಿದ ಅರ್ಜಿದಾರರ ವಿಚಾರಣೆಗಳು ವರ್ಷಗಟ್ಟಲೆ ನಡೆದ ಕಾರಣ, ಎರಡರಿಂದ ಹದಿಮೂರರವರೆಗಿನ ವಾಹಿನಿಗಳಿಗೆ ಮೀಸಲಾದ ವಿಎಚ್‌ಎಫ್ ತರಂಗಗಳಲ್ಲಿ ಅದಕ್ಕೆ ಎದುರಾಳಿಯಾದ ವಾಣಿಜ್ಯ ಕೇಂದ್ರ ಬಂದದ್ದು 1957ರಲ್ಲಿ.

ಏಕಸ್ವಾಮ್ಯದ ಈ ವರ್ಷಗಳ ಪರಿಣಾಮವನ್ನು ಎರಡು ಬದಿಯಿಂದ ನೋಡಬೇಕಾಗುತ್ತದೆ. ರಾಷ್ಟ್ರೀಯ ಜಾಲಗಳ ದೃಷ್ಟಿಯಲ್ಲಿ ಡಬ್ಲ್ಯುಡಿಟಿವಿ ದಾಟಲೇಬೇಕಾದ ಸುಂಕದ ಕಟ್ಟೆಯಾಯಿತು. ನಾಲ್ಕು ಜಾಲಗಳ ಕಾರ್ಯಕ್ರಮಗಳೂ ಅದೊಂದೇ ಕೇಂದ್ರದ ಮೂಲಕ ಹಾಯಬೇಕಾಗಿದ್ದುದರಿಂದ, ಎನ್‌ಬಿಸಿ ಮತ್ತು ಸಿಬಿಎಸ್ ತಮ್ಮ ಜನಪ್ರಿಯ ಕಾರ್ಯಕ್ರಮಗಳಿಗೆ ಪಿಟ್ಸ್‌ಬರ್ಗಿನಲ್ಲಿ ಒಳ್ಳೆಯ ಸಮಯ ಪಡೆಯಲು ಡುಮಾಂಟ್ ಜೊತೆ ಚೌಕಾಸಿ ಮಾಡಬೇಕಾಯಿತು. ಎಲ್ಲವನ್ನೂ ನೇರವಾಗಿ ತೋರಿಸಲಾಗದ್ದರಿಂದ ಎಷ್ಟೋ ಕಾರ್ಯಕ್ರಮಗಳು ಪರದೆಯ ಚಿತ್ರವನ್ನೇ ಫಿಲ್ಮಿನಲ್ಲಿ ಹಿಡಿದಿಡುವ ಕಿನೆಸ್ಕೋಪ್ ಪ್ರತಿಗಳಾಗಿ, ದಿನಗಳ ನಂತರ ಪ್ರಸಾರವಾದವು. ಈ ಒಂದು ಕೇಂದ್ರದ ಜಾಹೀರಾತು ಲಾಭವೇ ನಷ್ಟದಲ್ಲಿದ್ದ ಡುಮಾಂಟ್ ಜಾಲವನ್ನು ಬಹುಮಟ್ಟಿಗೆ ಜೀವಂತವಾಗಿಟ್ಟಿತು. ನೋಡುವವರ ಬದಿಯಿಂದ ಇದು ಆಯ್ಕೆಯೇ ಇಲ್ಲದ ಕಾಲ. ಎತ್ತರದ ಗುಡ್ಡಗಳ ಮೇಲಿದ್ದವರು ಆಂಟೆನಾವನ್ನು ಜಾನ್ಸ್‌ಟೌನಿನ ಕಡೆಗೋ ನದಿಯಾಚೆಯ ಸ್ಟೂಬೆನ್‌ವಿಲ್ ಕಡೆಗೋ ತಿರುಗಿಸಿ ಬೇರೆ ಕೇಂದ್ರಗಳನ್ನು ಹಿಡಿಯಲು ಹೆಣಗಿದರು. ಕಣಿವೆಗಳಲ್ಲಿದ್ದವರಿಗೆ ಆ ಭಾಗ್ಯವೂ ಇರಲಿಲ್ಲ.

ಆದರೂ ಈ ಏಕಸ್ವಾಮ್ಯವೇ ಊರಿನ ಬದುಕಿಗೆ ಹೊಂದಿದ ಒಂದು ಪ್ರಯೋಗಕ್ಕೆ ಎಡೆಮಾಡಿತು. ಉಕ್ಕಿನ ಕುಲುಮೆಗಳನ್ನು ಆರಿಸುವಂತಿಲ್ಲವಾದ್ದರಿಂದ ಕಾರ್ಖಾನೆಗಳು ದಿನದ ಇಪ್ಪತ್ನಾಲ್ಕು ಗಂಟೆಯೂ ಮೂರು ಪಾಳಿಗಳಲ್ಲಿ ನಡೆಯುತ್ತಿದ್ದವು. ಎರಡನೆಯ ಪಾಳಿ ಮುಗಿಸಿ ನಡುರಾತ್ರಿಯ ಹೊತ್ತಿಗೆ ಮನೆ ಸೇರುವ ಕಾರ್ಮಿಕನಿಗೆ ಅಮೆರಿಕದ ಬೇರೆ ಊರುಗಳ ವೇಳಾಪಟ್ಟಿಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಡಬ್ಲ್ಯುಡಿಟಿವಿ ರಾತ್ರಿ ಒಂದರಿಂದ ಬೆಳಗಿನ ಏಳರವರೆಗೆ ‘ಸ್ವಿಂಗ್ ಶಿಫ್ಟ್ ಥಿಯೇಟರ್’ ಎಂಬ ಹೆಸರಿನಲ್ಲಿ ಹಳೆಯ ಚಲನಚಿತ್ರಗಳನ್ನು ತೋರಿಸತೊಡಗಿ, ರಾತ್ರಿ ಹಗಲು ಪ್ರಸಾರ ಮಾಡಿದ ಅಮೆರಿಕದ ಮೊದಲ ಕೆಲವು ಕೇಂದ್ರಗಳಲ್ಲಿ ಒಂದೆನಿಸಿತು. ಪಾಳಿ ಕೆಲಸದ ಎರಡು ಲಕ್ಷ ಕಾರ್ಮಿಕರಿಗೆ ಇದರಿಂದ ಸೇವೆ ಸಲ್ಲುತ್ತಿದೆಯೆಂದು ಕೇಂದ್ರ ಹೇಳಿಕೊಳ್ಳುತ್ತಿತ್ತು. ಜಾಹೀರಾತುದಾರರ ಮುಂದೆ ಆಡುವ ಇಂಥ ಮಾತಿನಲ್ಲಿ ಉತ್ಪ್ರೇಕ್ಷೆ ಸಹಜವಾದರೂ, ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡ ವೇಳಾಪಟ್ಟಿಯೊಂದು ಈ ಊರಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ.

ಅಭಾವವನ್ನು ನೀಗಲು ಆಯೋಗ ಸೂಚಿಸಿದ ದಾರಿ ಯುಎಚ್‌ಎಫ್. ಎರಡರಿಂದ ಹದಿಮೂರರವರೆಗಿನ ವಿಎಚ್‌ಎಫ್ ವಾಹಿನಿಗಳು ಸಾಲದೆ ಬಂದಾಗ, 1952ರ ಯೋಜನೆ ಹದಿನಾಲ್ಕರಿಂದ ಎಂಬತ್ಮೂರರವರೆಗಿನ ಹೆಚ್ಚಿನ ಕಂಪನಾಂಕದ ಎಪ್ಪತ್ತು ವಾಹಿನಿಗಳನ್ನು ತೆರೆದಿತ್ತು. ಈ ತರಂಗಗಳು ಅಡೆತಡೆಗಳನ್ನು ಬಳಸಿ ಹೋಗುವುದರಲ್ಲಿ ವಿಎಚ್‌ಎಫ್‌ಗಿಂತ ದುರ್ಬಲ; ಸಮತಟ್ಟಾದ ನೆಲದಲ್ಲಿ ಹೇಗೋ ನಿಭಾಯಿಸಬಹುದಾದ ಈ ದೋಷ ಗುಡ್ಡಗಾಡಿನ ಪಿಟ್ಸ್‌ಬರ್ಗಿನಲ್ಲಿ ಮಾರಕವಾಯಿತು. ಜೊತೆಗೆ ಆಗಿನ ಟಿ.ವಿ. ಪೆಟ್ಟಿಗೆಗಳಲ್ಲಿ ಯುಎಚ್‌ಎಫ್ ಹಿಡಿಯುವ ಸೌಲಭ್ಯವೇ ಇರದೆ, ಬೇಕಾದವರು ಬೇರೆ ಪರಿವರ್ತಕವೊಂದನ್ನು ಕೊಂಡು ಜೋಡಿಸಿಕೊಳ್ಳಬೇಕಿತ್ತು. 1953ರಲ್ಲಿ ಆರಂಭವಾದ ಎರಡು ಕೇಂದ್ರಗಳಲ್ಲಿ 53ನೆಯ ವಾಹಿನಿಯದು ಒಂದು ವರ್ಷಕ್ಕೇ ಮುಚ್ಚಿತು. 16ನೆಯ ವಾಹಿನಿಯದು 1957ರವರೆಗೆ ಎಳೆದಾಡಿಕೊಂಡು ನಿಂತುಹೋಯಿತು. ಎಲ್ಲ ಗ್ರಾಹಕಗಳಲ್ಲಿಯೂ ಯುಎಚ್‌ಎಫ್ ಕಡ್ಡಾಯವೆಂಬ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾದದ್ದು 1962ರಲ್ಲಿ, ಅಂದರೆ ರೋಗಿ ತೀರಿಕೊಂಡ ಐದು ವರ್ಷಗಳ ಮೇಲೆ.

ವೆಸ್ಟಿಂಗ್‌ಹೌಸ್ ಈ ನಡುವೆ ಸುಮ್ಮನಿರಲಿಲ್ಲ. ಶಿಕ್ಷಣಕ್ಕೆಂದು ಮೀಸಲಿಟ್ಟಿದ್ದ ಹದಿಮೂರನೆಯ ವಾಹಿನಿಯ ಮೇಲೂ ಅದು ಕಣ್ಣಿಟ್ಟು, ಪರವಾನಗಿ ತನಗೆ ಕೊಟ್ಟರೆ ಶಿಕ್ಷಣ ಪ್ರಸಾರಕ್ಕೆ ಸಮಯ ಹಂಚಿಕೊಡುವೆನೆಂಬ ಪ್ರಸ್ತಾಪ ಮುಂದಿಟ್ಟು ನೋಡಿತು. ಅದು ಫಲಿಸದೆ ಹೋದಾಗ, ಹಣಕಾಸಿನ ಬಿಕ್ಕಟ್ಟಿನಲ್ಲಿದ್ದ ಡುಮಾಂಟ್ ಅವರಿಂದ ಡಬ್ಲ್ಯುಡಿಟಿವಿಯನ್ನೇ 1954ರ ಕೊನೆಯಲ್ಲಿ 97.5 ಲಕ್ಷ ಡಾಲರಿಗೆ ಕೊಂಡಿತು. ಟೆಲಿವಿಷನ್ ಕೇಂದ್ರವೊಂದಕ್ಕೆ ಅಲ್ಲಿಯವರೆಗೆ ಯಾರೂ ಅಷ್ಟು ಬೆಲೆ ತೆತ್ತಿರಲಿಲ್ಲ. ಆಗಲೇ ಎರಡನೆಯ ವಾಹಿನಿಗೆ ಸ್ಥಳಾಂತರಗೊಂಡಿದ್ದ ಕೇಂದ್ರ 1955ರ ಜನವರಿ 31ರಂದು ಕೆಡಿಕೆಎ ಎಂಬ ಹೆಸರನ್ನು ಪಡೆಯಿತು. ಲಾಭದ ಏಕೈಕ ಆಸರೆಯನ್ನೂ ಉಳಿದ ಮೂರು ಜಾಲಗಳೊಡನೆ ಚೌಕಾಸಿ ಮಾಡುವ ಬಲವನ್ನೂ ಒಟ್ಟಿಗೆ ಮಾರಿಕೊಂಡ ಡುಮಾಂಟ್ ಜಾಲ 1956ರ ಹೊತ್ತಿಗೆ ಕಣ್ಮುಚ್ಚಿತು. ಅಮೆರಿಕಕ್ಕೆ ನಾಲ್ಕನೆಯ ರಾಷ್ಟ್ರೀಯ ಜಾಲ ಮತ್ತೆ ದಕ್ಕಲು 1980ರ ದಶಕದವರೆಗೆ ಕಾಯಬೇಕಾಯಿತು.

ಪಿಟ್ಸ್‌ಬರ್ಗಿನ ಕೊಡುಗೆಗಳಲ್ಲಿ ಎಲ್ಲಕ್ಕಿಂತ ಹಿರಿದಾದುದು ವೆಸ್ಟಿಂಗ್‌ಹೌಸಿಗೆ ದಕ್ಕದ ಆ ಹದಿಮೂರನೆಯ ವಾಹಿನಿಯಿಂದಲೇ ಬಂತು. ಆಯೋಗದ ಮೊದಲ ಮಹಿಳಾ ಸದಸ್ಯೆ ಫ್ರೀಡಾ ಹೆನೊಕ್ ಹಟ ಹಿಡಿದು ವಾದಿಸಿದ್ದರಿಂದ 1952ರ ಯೋಜನೆಯಲ್ಲಿ 242 ವಾಹಿನಿಗಳು ಶಿಕ್ಷಣಕ್ಕೆ ಮೀಸಲಾಗಿದ್ದವು. ಆದರೆ ಮೀಸಲಿಟ್ಟವರು ಹಣ ಕೊಟ್ಟಿರಲಿಲ್ಲ. ಹೊಗೆ ಕವಿದ ನಗರವನ್ನು ಸ್ವಚ್ಛಗೊಳಿಸಿ ಪುನರ್ನಿರ್ಮಿಸುವ ಯೋಜನೆಯಲ್ಲಿ ತೊಡಗಿದ್ದ ಮೇಯರ್ ಡೇವಿಡ್ ಲಾರೆನ್ಸ್, ಗಾಜಿನ ಉದ್ಯಮದ ಹಿರಿಯ ಅಧಿಕಾರಿ ಲೀಲೆಂಡ್ ಹಜಾರ್ಡ್ ಅವರಿಗೆ ಕೇಂದ್ರ ಕಟ್ಟುವ ಕೆಲಸವನ್ನು ಒಪ್ಪಿಸಿದರು. ಸ್ಥಳೀಯ ದತ್ತಿಸಂಸ್ಥೆಗಳೂ ಫೋರ್ಡ್ ಪ್ರತಿಷ್ಠಾನದ ನಿಧಿಯೂ ಬಂಡವಾಳ ಕೊಟ್ಟವು; ಉಳಿದುದನ್ನು ಊರಿನ ಮನೆಮನೆಗಳಿಂದ ಕುಟುಂಬಕ್ಕೆ ಎರಡು ಡಾಲರಿನಂತೆ ಚಂದಾ ಎತ್ತಿ ಹೊಂದಿಸಲಾಯಿತು. 1954ರ ಏಪ್ರಿಲ್ 1ರಂದು ಪ್ರಸಾರ ಆರಂಭಿಸಿದ ಡಬ್ಲ್ಯುಕ್ಯುಇಡಿ ಅಮೆರಿಕದ ಮೊದಲ ಶಿಕ್ಷಣ ಕೇಂದ್ರವಲ್ಲ, ಆ ಹಿರಿಮೆ ಹಿಂದಿನ ವರ್ಷವೇ ಹ್ಯೂಸ್ಟನ್ನಿಗೆ ಸಂದಿತ್ತು. ಆದರೆ ಅದು ವಿಶ್ವವಿದ್ಯಾಲಯದ ಕೇಂದ್ರ. ಯಾವ ವಿಶ್ವವಿದ್ಯಾಲಯಕ್ಕೂ ಸೇರದೆ, ಊರಿನ ಜನರ ಸಂಸ್ಥೆಯಾಗಿ ಜನರ ಚಂದಾದಿಂದ ನಡೆದ ಮೊದಲ ಕೇಂದ್ರ ಪಿಟ್ಸ್‌ಬರ್ಗಿನದು. ಮುಂದೆ ಅಮೆರಿಕದ ಸಾರ್ವಜನಿಕ ಟೆಲಿವಿಷನ್ ವೀಕ್ಷಕರ ಮುಂದೆ ಕೈಚಾಚಿ ಬದುಕಲು ಕಲಿತ ಪದ್ಧತಿಯ ಮೂಲವನ್ನು ಇಲ್ಲಿ ಗುರುತಿಸಬಹುದು.

ಈ ಕೇಂದ್ರದ ಬಡತನ ಅದರ ಕಲೆಯನ್ನೇ ರೂಪಿಸಿದ ಬಗೆ ಹತ್ತಿರದಿಂದ ನೋಡತಕ್ಕದ್ದು. ಪ್ರಸಾರದ ಮೊದಲ ವಾರದಿಂದಲೇ ‘ಚಿಲ್ಡ್ರನ್ಸ್ ಕಾರ್ನರ್’ ಎಂಬ ಒಂದು ಗಂಟೆಯ ಮಕ್ಕಳ ಕಾರ್ಯಕ್ರಮ ವಾರದ ದಿನಗಳಲ್ಲಿ ನೇರಪ್ರಸಾರವಾಗುತ್ತಿತ್ತು. ಜೋಸಿ ಕೇರಿ ಕ್ಯಾಮೆರಾದ ಮುಂದೆ ನಿಂತು ಮಾತಾಡಿ ಹಾಡುತ್ತಿದ್ದರೆ, ನ್ಯೂಯಾರ್ಕಿನ ಎನ್‌ಬಿಸಿಯ ಕೆಲಸ ಬಿಟ್ಟು ಬಂದಿದ್ದ ಫ್ರೆಡ್ ರಾಜರ್ಸ್ ಎಂಬ ಯುವಕ ತೆರೆಯ ಹಿಂದೆ ಆರ್ಗನ್ ನುಡಿಸುತ್ತ ಬೊಂಬೆಗಳನ್ನು ಆಡಿಸುತ್ತಿದ್ದರು. ಗಂಟೆ ತುಂಬಿಸಲು ಪುಕ್ಕಟೆಯಾಗಿ ಸಿಕ್ಕ ಶೈಕ್ಷಣಿಕ ಫಿಲ್ಮುಗಳನ್ನು ನೆಚ್ಚಿಕೊಳ್ಳಲಾಗಿತ್ತು. ಹಳೆಯದಾಗಿ ಗರಿಗಟ್ಟಿದ್ದ ಆ ಫಿಲ್ಮುಗಳು ಪ್ರಸಾರದ ನಡುವೆಯೇ ತುಂಡಾಗುತ್ತಿದ್ದವು. ಕೇಂದ್ರದ ವ್ಯವಸ್ಥಾಪಕಿ ಡೊರೊಥಿ ಡೇನಿಯಲ್ ಉದ್ಘಾಟನೆಯ ಮುನ್ನಾದಿನ ಉಡುಗೊರೆಯಾಗಿ ಕೊಟ್ಟಿದ್ದ ಪುಟ್ಟ ಹುಲಿಬೊಂಬೆಯೊಂದು ರಾಜರ್ಸ್ ಬಳಿ ಇತ್ತು. ತೆರೆಯ ಮೇಲೆ ಬರೆದಿದ್ದ ಗಡಿಯಾರದ ಚಿತ್ರದಲ್ಲಿ ತೂತು ಮಾಡಿ ಅದರೊಳಗಿಂದ ಹುಲಿ ತಲೆ ಹೊರಹಾಕಿ ಜೋಸಿಯೊಡನೆ ಮಾತಿಗಿಳಿಯಿತು. ಖಾಲಿ ನಿಮಿಷಗಳನ್ನು ತುಂಬಲು ಬಂದ ಈ ಡೇನಿಯಲ್ ಹುಲಿ ಅಲ್ಲಿಯೇ ಬೀಡುಬಿಟ್ಟಿತು, ಅದರ ಹಿಂದೆ ಹದಿಮೂರನೆಯ ಕಿಂಗ್ ಫ್ರೈಡೆ ಮೊದಲಾದ ಬೊಂಬೆಗಳೂ ಬಂದವು. ಆರ್ಗನ್ನಿನಿಂದ ಬೊಂಬೆಯಾಟದ ಜಾಗಕ್ಕೆ ಓಡಾಡುವಾಗ ಬೂಟಿನ ಸಪ್ಪಳ ಮೈಕಿಗೆ ಕೇಳಬಾರದೆಂದು ರಾಜರ್ಸ್ ಕ್ಯಾನ್ವಾಸ್ ಷೂ ತೊಡತೊಡಗಿದರು. ದಶಕಗಳ ನಂತರ ಅಮೆರಿಕದ ಮಕ್ಕಳೆಲ್ಲ ಗುರುತಿಸುತ್ತಿದ್ದ, ಮನೆಗೆ ಬಂದೊಡನೆ ಬೂಟು ಕಳಚಿ ಕ್ಯಾನ್ವಾಸ್ ಷೂ ಧರಿಸುವ ಆ ಪರಿಚಿತ ವಿಧಿಯ ಹಿಂದೆ ಇದ್ದದ್ದು ಸಣ್ಣ ಸ್ಟುಡಿಯೋದ ಇಂಥ ಒಂದು ಅನುಕೂಲ.

1963ರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಯಾಗಿ ದೀಕ್ಷೆ ಪಡೆದ ರಾಜರ್ಸ್, ಕೆಲಕಾಲ ಕೆನಡಾದ ಸಿಬಿಸಿಯಲ್ಲಿ ಕೆಲಸ ಮಾಡಿ, ಅಲ್ಲಿಯೇ ಮೊದಲಬಾರಿಗೆ ಕ್ಯಾಮೆರಾದ ಮುಂದೆ ಬಂದು, ಮತ್ತೆ ಪಿಟ್ಸ್‌ಬರ್ಗಿಗೆ ಮರಳಿದರು. ‘ಮಿಸ್ಟರ್ ರಾಜರ್ಸ್ ನೈಬರ್‌ಹುಡ್’ 1968ರ ಫೆಬ್ರವರಿ 19ರಿಂದ ರಾಷ್ಟ್ರಮಟ್ಟದಲ್ಲಿ ಪ್ರಸಾರವಾಗಿ 2001ರ ಆಗಸ್ಟ್‌ವರೆಗೆ ಹೊಸ ಕಂತುಗಳನ್ನು ಕಂಡಿತು. ಅದರ ತಯಾರಿಕೆ ಕೊನೆಯವರೆಗೂ ಡಬ್ಲ್ಯುಕ್ಯುಇಡಿಯಲ್ಲೇ ನಡೆಯಿತು. ಮಗುವೊಂದಕ್ಕೆ ಯೋಚಿಸಲು ಬೇಕಾಗುವಷ್ಟು ಮೌನವನ್ನೂ ನಿಧಾನವನ್ನೂ ಟೆಲಿವಿಷನ್ನಿನಲ್ಲಿ ಉಳಿಸಿಕೊಂಡ ಈ ಶೈಲಿ ನ್ಯೂಯಾರ್ಕಿನ ದುಬಾರಿ ನಿಮಿಷಗಳಲ್ಲಿ ಬೆಳೆಯುವುದು ಕಷ್ಟವಿತ್ತು. 1969ರ ಮೇ 1ರಂದು ರಾಜರ್ಸ್ ಸೆನೆಟ್ಟಿನ ಉಪಸಮಿತಿಯ ಮುಂದೆ ಹಾಜರಾಗಿ, ಸಾರ್ವಜನಿಕ ಪ್ರಸಾರದ ಎರಡು ಕೋಟಿ ಡಾಲರ್ ಅನುದಾನವನ್ನು ಅರ್ಧಕ್ಕಿಳಿಸುವ ನಿಕ್ಸನ್ ಸರ್ಕಾರದ ಇಚ್ಛೆಗೆ ಎದುರಾಗಿ ಕೆಲವೇ ನಿಮಿಷ ಮಾತಾಡಿದರು. ಅಧ್ಯಕ್ಷತೆ ವಹಿಸಿದ್ದ ಸೆನೆಟರ್ ಜಾನ್ ಪಾಸ್ಟೋರ್, ಆ ಹಣ ನಿಮಗೆ ದಕ್ಕಿತೆಂಬರ್ಥದ ಮಾತನ್ನು ಅಲ್ಲಿಯೇ ಆಡಿದರು.

ವಾಣಿಜ್ಯ ವಾಹಿನಿಗಳ ಪೈಪೋಟಿ ಆರಂಭವಾದದ್ದು ಹನ್ನೊಂದನೆಯ ವಾಹಿನಿಯ ಡಬ್ಲ್ಯುಐಐಸಿ 1957ರ ಸೆಪ್ಟೆಂಬರಿನಲ್ಲಿ, ನಾಲ್ಕನೆಯ ವಾಹಿನಿಯ ಡಬ್ಲ್ಯುಟಿಎಇ ಮರುವರ್ಷ ಅದೇ ತಿಂಗಳಲ್ಲಿ ಬಂದ ಮೇಲೆ. ಜಾಲಗಳ ಕಾರ್ಯಕ್ರಮಗಳು ಮೂರು ಕಡೆ ಹಂಚಿಹೋದ ಕಾರಣ ಉಳಿದ ವೇಳೆಯನ್ನು ಅಗ್ಗದ ಸ್ಥಳೀಯ ಸರಕಿನಿಂದ ತುಂಬುವುದು ಅನಿವಾರ್ಯವಾಯಿತು. ಡಬ್ಲ್ಯುಐಐಸಿಯ ಸ್ಟುಡಿಯೋದಲ್ಲೇ ಅಖಾಡ ಹೂಡಿ ಶನಿವಾರ ತೋರಿಸುತ್ತಿದ್ದ ‘ಸ್ಟುಡಿಯೋ ರೆಸ್ಲಿಂಗ್’ ಕುಸ್ತಿ ಕಾರ್ಯಕ್ರಮದ ನಾಯಕ ಬ್ರೂನೊ ಸಾಮಾರ್ಟಿನೊ, ಇಟಲಿಯ ಬೆಟ್ಟಗಾಡಿನ ಹಳ್ಳಿಯಿಂದ 1950ರಲ್ಲಿ ಪಿಟ್ಸ್‌ಬರ್ಗಿಗೆ ವಲಸೆ ಬಂದವನು; ಇಟಲಿ ಮತ್ತು ಪೂರ್ವ ಯುರೋಪಿನ ಮೂಲದ ಕಾರ್ಮಿಕ ಕುಟುಂಬಗಳು ಅವನನ್ನು ಮನೆಮಗನಂತೆ ಕಂಡವು. ಕುಸ್ತಿಯ ನಿರೂಪಕ ಬಿಲ್ ಕಾರ್ಡಿಲ್ 1963ರಿಂದ ಎರಡು ದಶಕ ಶನಿವಾರದ ರಾತ್ರಿಗಳಲ್ಲಿ ‘ಚಿಲ್ಲಿ ಬಿಲ್ಲಿ’ಯ ವೇಷ ತಾಳಿ, ‘ಚಿಲ್ಲರ್ ಥಿಯೇಟರ್’ ಕಾರ್ಯಕ್ರಮದಲ್ಲಿ ಹಳೆಯ ಭಯಾನಕ ಚಿತ್ರಗಳನ್ನು ಹಾಸ್ಯದ ಒಗ್ಗರಣೆಯೊಂದಿಗೆ ಬಡಿಸಿದರು.

ಇಷ್ಟು ಸಣ್ಣ ವಲಯದಲ್ಲಿ ಕೆಲಸಗಾರರು ಒಂದು ಮನೆಯಿಂದ ಇನ್ನೊಂದಕ್ಕೆ ಸುಳಿದಾಡುವುದು ಸಹಜವಾಗಿತ್ತು. ಜಾಹೀರಾತು ಚಿತ್ರಗಳನ್ನು ತೆಗೆದು ಹೊಟ್ಟೆಹೊರೆಯುತ್ತಿದ್ದ ಜಾರ್ಜ್ ರೊಮೆರೊ, ರಾಜರ್ಸ್ ಅವರ ಮಕ್ಕಳ ಕಾರ್ಯಕ್ರಮಕ್ಕೆ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ಬಗೆಗಿನದೂ ಸೇರಿ ಕಿರುಚಿತ್ರಗಳನ್ನು ಮಾಡಿಕೊಟ್ಟವರು. ಅವರೇ 1968ರಲ್ಲಿ ಊರಿನ ಹಣ ಮತ್ತು ಊರಿನ ಕಲಾವಿದರಿಂದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರ ತಯಾರಿಸಿದಾಗ, ಅದರಲ್ಲಿ ಟಿ.ವಿ. ವರದಿಗಾರನಾಗಿ ಕಾಣಿಸಿಕೊಂಡವರು ಬೇರಾರೂ ಅಲ್ಲ, ಕಾರ್ಡಿಲ್. ಅಮೆರಿಕದ ಅತ್ಯಂತ ಸೌಮ್ಯ ಮಕ್ಕಳ ಕಾರ್ಯಕ್ರಮ ಮತ್ತು ನರಭಕ್ಷಕ ಶವಗಳ ಚಿತ್ರಪರಂಪರೆ ಒಂದೇ ಊರಿನ ಒಂದೇ ಕಸುಬುದಾರ ಬಳಗವನ್ನು ಹಂಚಿಕೊಂಡವೆಂಬುದು ಚರಿತ್ರಕಾರರು ಇನ್ನಷ್ಟು ಗಮನಿಸಬೇಕಾದ ಸಂಗತಿ.

ಸುದ್ದಿ ಮತ್ತು ಕ್ರೀಡೆಯಲ್ಲಿಯೂ ಕೇಂದ್ರಗಳು ಊರಿನ ಮಾತನ್ನು ಕಟ್ಟಿದವು. ಕೆಡಿಕೆಎಯಲ್ಲಿ ಬಿಲ್ ಬರ್ನ್ಸ್ 1989ರವರೆಗೆ ಸುದ್ದಿ ಓದಿದರು. 1970ರ ದಶಕದಿಂದ ಮಧ್ಯಾಹ್ನದ ಸುದ್ದಿಗೆ ಮಗಳು ಪ್ಯಾಟಿ ಜೊತೆಯಾಗಿ, ತಂದೆ ಮಗಳು ಒಂದೇ ಮೇಜಿನ ಮುಂದೆ ಕೂರುವುದು ಊರಿಗೆ ರೂಢಿಯಾಯಿತು. 1972ರ ಡಿಸೆಂಬರ್ 23ರಂದು ಸ್ಟೀಲರ್ಸ್ ಫುಟ್‌ಬಾಲ್ ತಂಡದ ಫ್ರಾಂಕೊ ಹ್ಯಾರಿಸ್ ಕೊನೆಯ ಕ್ಷಣಗಳಲ್ಲಿ ನೆಲ ಮುಟ್ಟಲಿದ್ದ ಚೆಂಡನ್ನು ಹಿಡಿದು ಓಡಿ ಪಂದ್ಯ ಗೆದ್ದುಕೊಟ್ಟಾಗ, ಮನೆಯಲ್ಲಿದ್ದ ಪಿಟ್ಸ್‌ಬರ್ಗಿನವರಿಗೆ ಅದು ಕಾಣಲಿಲ್ಲ. ಟಿಕೆಟ್ ಮಾರಾಟ ಕುಗ್ಗಬಾರದೆಂದು ತವರಿನ ಪಂದ್ಯಗಳನ್ನು ಆಯಾ ಊರಿನ ಕೇಂದ್ರಗಳು ತೋರಿಸಕೂಡದೆಂಬ ನಿಯಮ ಆಗ ಜಾರಿಯಲ್ಲಿತ್ತು. ಆ ರಾತ್ರಿ ಹನ್ನೊಂದರ ಸುದ್ದಿಯಲ್ಲಿ ಡಬ್ಲ್ಯುಟಿಎಇಯ ಕ್ರೀಡಾ ವ್ಯಾಖ್ಯಾನಕಾರ ಮೈರನ್ ಕೋಪ್, ವೀಕ್ಷಕಿಯೊಬ್ಬರು ದೂರವಾಣಿಯಲ್ಲಿ ತಿಳಿಸಿದ ‘ಇಮ್ಯಾಕ್ಯುಲೇಟ್ ರಿಸೆಪ್ಷನ್’ ಎಂಬ ಹೆಸರನ್ನು ಬಳಸಿದರು. ಊರಿನವರು ಟಿ.ವಿ.ಯಲ್ಲಿ ನೇರವಾಗಿ ನೋಡಲಾಗದ ಆಟಕ್ಕೆ ದೇಶವೆಲ್ಲ ಇಂದಿಗೂ ಹೇಳುವ ಹೆಸರನ್ನು ಊರಿನ ಟಿ.ವಿ.ಯೇ ಕೊಟ್ಟಿತು. ಮೂರು ವರ್ಷಗಳ ನಂತರ ಇದೇ ಕೋಪ್, ಜಾಹೀರಾತುದಾರರನ್ನು ಸೆಳೆಯುವ ತಂತ್ರವೊಂದು ಬೇಕೆಂದು ಕೇಂದ್ರ ಕೇಳಿದ್ದಕ್ಕೆ, ಹಳದಿ ಟವೆಲ್ ತಂದು ಬೀಸಿರೆಂದು ಪ್ರೇಕ್ಷಕರಿಗೆ ಕರೆಕೊಟ್ಟರು. ಆ ‘ಟೆರಿಬಲ್ ಟವೆಲ್’ ತಂಡದ ಲಾಂಛನದಷ್ಟೇ ಪ್ರಸಿದ್ಧವಾಯಿತು. 1996ರಲ್ಲಿ ಅದರ ಹಕ್ಕನ್ನು ಕೋಪ್ ಅಂಗವಿಕಲರ ಶಾಲೆಯೊಂದಕ್ಕೆ ಬಿಟ್ಟುಕೊಟ್ಟರು.

ಊರಿನ ಟೆಲಿವಿಷನ್ ಎಲ್ಲರ ಊರನ್ನೂ ತೋರಿಸುತ್ತಿತ್ತೆಂದು ಮಾತ್ರ ಹೇಳುವಂತಿಲ್ಲ. ಪುನರ್ನಿರ್ಮಾಣದ ಹೆಸರಿನಲ್ಲಿ ಕಪ್ಪುಜನರ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ ಒಂದು ಭಾಗವನ್ನು 1950ರ ದಶಕದಲ್ಲಿ ಕೆಡವಿಹಾಕಿದಾಗ ಆ ನಿವಾಸಿಗಳ ದನಿಗೆ ತೆರೆಯ ಮೇಲೆ ತಮ್ಮದೆನ್ನುವ ಜಾಗವಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯ ನಂತರ ಅದೇ ಬಡಾವಣೆ ಹೊತ್ತಿ ಉರಿದ 1968ರಲ್ಲಿ ಡಬ್ಲ್ಯುಕ್ಯುಇಡಿ ‘ಬ್ಲ್ಯಾಕ್ ಹೊರೈಜನ್ಸ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದು ದಶಕಗಳ ಕಾಲ ನಡೆಯಿತೆಂಬುದು ಅದರ ಅಗತ್ಯಕ್ಕೆ ಸಾಕ್ಷಿ. ಬೆಂಕಿ ಬೀಳುವವರೆಗೆ ಅದು ಯಾರಿಗೂ ಹೊಳೆಯದಿದ್ದದ್ದೂ ಚರಿತ್ರೆಯ ಭಾಗವೇ.

1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಪಾಳಿಯ ಕೆಲಸಗಾರರು ಊರು ಬಿಟ್ಟರು. ಕೇಬಲ್ ಹರಡಿ ಗುಡ್ಡಗಳ ತೊಡಕು ತೊಲಗಿತು, ವಾಹಿನಿಗಳ ಅಭಾವ ಕೊನೆಗೊಂಡಿತು. ಅಭಾವದೊಡನೆ ಸ್ಥಳೀಯ ಕಾರ್ಯಕ್ರಮಗಳೂ ಸುದ್ದಿಯೊಂದನ್ನುಳಿದು ತೆರೆಮರೆಗೆ ಸರಿದವು. 1988ರ ‘ಕೆನ್ನಿವುಡ್ ಮೆಮೊರೀಸ್’ ಮೊದಲಾದ ರಿಕ್ ಸೀಬಕ್ ಅವರ ಸಾಕ್ಷ್ಯಚಿತ್ರಗಳು ಊರಿನ ಉದ್ಯಾನ, ಅಂಗಡಿ, ತಿಂಡಿಗಳನ್ನು ಪ್ರೀತಿಯಿಂದ ದಾಖಲಿಸಿ ಡಬ್ಲ್ಯುಕ್ಯುಇಡಿಗೆ ಅಪಾರ ವೀಕ್ಷಕರನ್ನು ತಂದವಾದರೂ, ಅವು ಬಹುಮಟ್ಟಿಗೆ ನೆನಪಿನ ಚಿತ್ರಗಳು. 1990ರ ದಶಕದಲ್ಲಿ ಸಾಲದಲ್ಲಿ ಸಿಲುಕಿದ ಆ ಸಂಸ್ಥೆ, 1959ರಿಂದ ತನ್ನ ಎರಡನೆಯ ಕೇಂದ್ರವಾಗಿ ನಡೆಸುತ್ತಿದ್ದ ಹಳೆಯ 16ನೆಯ ವಾಹಿನಿಯನ್ನು ಕ್ರೈಸ್ತ ಧಾರ್ಮಿಕ ಪ್ರಸಾರ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟು, ಆ ಧಾರ್ಮಿಕ ಸಂಸ್ಥೆಯ ಮೊದಲಿನ ವಾಹಿನಿಯನ್ನು ಮೂರನೆಯವರಿಗೆ ಮಾರಿ ಬರುವ 3.5 ಕೋಟಿ ಡಾಲರನ್ನು ಹಂಚಿಕೊಳ್ಳುವ ಯೋಜನೆ ಹೂಡಿತು. ಶಿಕ್ಷಣಕ್ಕೆ ಮೀಸಲಾದ ವಾಹಿನಿಯಲ್ಲಿ ಧರ್ಮಬೋಧನೆ ಎಷ್ಟು ಸಲ್ಲುತ್ತದೆಂಬ ವಿವಾದ ಎದ್ದು, ಆಯೋಗ 1999ರ ಡಿಸೆಂಬರಿನಲ್ಲಿ ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟರೂ ಧಾರ್ಮಿಕ ಸಂಸ್ಥೆಯೇ ಹಿಂದೆ ಸರಿಯಿತು. ಹನ್ನೊಂದು ವರ್ಷಗಳ ನಂತರ 16ನೆಯ ವಾಹಿನಿ ಅಯಾನ್ ಎಂಬ ರಾಷ್ಟ್ರೀಯ ಜಾಲಕ್ಕೆ 30 ಲಕ್ಷ ಡಾಲರಿಗೆ ಮಾರಾಟವಾಯಿತು. ಡಾಲರಿನ ಮೌಲ್ಯಕುಸಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, ಡುಮಾಂಟ್ ಕೇಂದ್ರಕ್ಕೆ 1954ರಲ್ಲಿ ಸಂದ ಬೆಲೆಯ ಮೂರನೆಯ ಒಂದು ಭಾಗಕ್ಕಿಂತ ಅದು ಕಡಿಮೆ.